ಇಪ್ಪತ್ತರವರೆಗಿನ ಎಣಿಕೆ

ಆಗಸ್ಟ್ 10. ತುಳುವರ ಆಟಿ ತಿಂಗಳು ಮುಗಿಯುತ್ತ ಬಂದರೂ ಮಂಗಳೂರಿನ ಆಸುಪಾಸಿನಲ್ಲಿ ಮಳೆ ಬಿಟ್ಟಿಲ್ಲ. ಚರ್ಚಿನ ಪಕ್ಕದ ಹೆಂಚಿನ ಶಾಲೆಯ ಜಗಲಿಯಲ್ಲಿ ನೀವು ನಿಂತಿದ್ದೀರಿ. ಬಿಡಿಸಿಟ್ಟ ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಬಾಗಿಲ ಬಳಿ ನಿಂತ ಸಿಸ್ಟರ್ ಒಳಬರುವ ಮಕ್ಕಳ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ.

"ಚಪ್ಪಲಿ ಎಲ್ಲಿ ಮಗಾ?"

"ಬಾರು ಕಡಿದುಹೋಯಿತು ಸಿಸ್ಟರ್."

ಅವರು ಗದರುವುದಿಲ್ಲ. ಕಪಾಟಿನಲ್ಲಿ ಇಂಥ ದಿನಗಳಿಗೆಂದೇ ಇಟ್ಟ ಹಳೆಯ ಚಪ್ಪಲಿಗಳಲ್ಲಿ ಅವನ ಕಾಲಿಗೆ ಹಿಡಿಸುವ ಜೊತೆಯೊಂದನ್ನು ಹುಡುಕಿ ಕೊಡುತ್ತಾರೆ. ಮಳೆಗಾಲದ ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮ ತೂರಿ ದೇಹ ಸೇರುತ್ತವೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ, ಮಗು ಸೊರಗುತ್ತದೆ. ತರಗತಿಯಲ್ಲಿ ತೂಕಡಿಸುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ಕಾಲು ನೋಡಬೇಕೆಂದು ಈ ಸಿಸ್ಟರಿಗೆ ಗೊತ್ತು.

ಗಂಟೆ ಬಾರಿಸುತ್ತದೆ. ಪ್ರಾರ್ಥನೆಗೆ ನಿಂತವರಲ್ಲಿ ಕೆಲವರು ಶಿಲುಬೆಯ ಗುರುತು ಹಾಕುತ್ತಾರೆ, ಉಳಿದವರು ಕೈಮುಗಿದು ಸುಮ್ಮನೆ ನಿಲ್ಲುತ್ತಾರೆ. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಆಡುವ ಮಕ್ಕಳು ಇಲ್ಲಿ ಕನ್ನಡದಲ್ಲಿ ಒಂದಾಗುತ್ತಾರೆ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಅಂದಿನಿಂದ ಈ ಕರಾವಳಿಯ ಎಷ್ಟೋ ಮನೆಗಳಲ್ಲಿ ಅಜ್ಜಿಯೂ ಮೊಮ್ಮಗಳೂ ಸಿಸ್ಟರುಗಳ ಕೈಕೆಳಗೇ ಅಕ್ಷರ ಕಲಿತವರು.

ಕ್ಷೀರಭಾಗ್ಯ ಯೋಜನೆಯ ಹಾಲು ಹಂಚಿಯಾಯಿತು. ಒಬ್ಬೊಬ್ಬರಿಗೆ 150 ಮಿಲಿಲೀಟರ್. ಮೇಲ್ದುಟಿಯ ಬಿಳಿ ಮೀಸೆಯನ್ನು ಅಂಗಿತೋಳಿನಲ್ಲಿ ಒರೆಸಲು ಹೊರಟ ಹುಡುಗಿಯೊಬ್ಬಳು ಟೀಚರ ಕಣ್ಣು ಕಂಡು ಕರ್ಚೀಫು ಹುಡುಕುತ್ತಾಳೆ.

ಹನ್ನೆರಡಕ್ಕೆ ಚರ್ಚಿನ ಗಂಟೆ. ಅದರ ನಾದ ಕರಗುವಷ್ಟರಲ್ಲಿ ಶಾಲೆಯ ಗಂಟೆಯೂ ಎರಡು ಸಲ ಹೊಡೆಯುತ್ತದೆ: ನೀರು ಕುಡಿಯುವ ಹೊತ್ತು. ಮಳೆಗಾಲದಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಆದರೂ ಬಾಟಲಿಗಳ ಮುಚ್ಚಳಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ.

ಈಗ ಅಡುಗೆಮನೆಯ ಕಡೆಗೆ ಬನ್ನಿ. ಅನುದಾನಿತ ಶಾಲೆಯಾದ್ದರಿಂದ ಅಕ್ಷರ ದಾಸೋಹ ಯೋಜನೆಯ ಬಿಸಿಯೂಟ ಇಲ್ಲೂ ಇದೆ. ಮಕ್ಕಳಿಗೆ ಬಡಿಸುವ ಮೊದಲು ಟೀಚರೊಬ್ಬರು ಉಂಡು ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಸಾಂಬಾರಿಗೆ ಇವತ್ತು ಹಿತ್ತಿಲಿನ ಹರಿವೆ ಸೊಪ್ಪು ಬಿದ್ದಿದೆ. ನೆಟ್ಟವರು ಐದನೇ ತರಗತಿಯವರು. "ನಮ್ಮ ಹರಿವೆ" ಎನ್ನುತ್ತ ಸೊಪ್ಪು ಬದಿಗೆ ಸರಿಸುವವರನ್ನು ಅವರು ಬಿಡುವುದಿಲ್ಲ.

ಊಟಕ್ಕೆ ಮೊದಲು ನಳ್ಳಿ. ಸಾಲಾಗಿ ಆರು ನಳ್ಳಿ, ಒಂದೊಂದರ ಪಕ್ಕ ಬಲೆಯ ಚೀಲದಲ್ಲಿ ಕಟ್ಟಿ ನೇತುಹಾಕಿದ ಸೋಪು. ಒಂದನೇ ತರಗತಿಯ ಹುಡುಗನೊಬ್ಬ ಬಲೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ತಿರುವುತ್ತಾನೆ. ನೊರೆ ಮೊಣಕೈವರೆಗೆ ಇಳಿಯುತ್ತದೆ. ನಿಯಮ ಒಂದೇ, ಇಪ್ಪತ್ತರವರೆಗೆ ಎಣಿಸಬೇಕು. ಅಂಗೈ, ಹಿಂಗೈ, ಬೆರಳ ಸಂದಿ, ಉಗುರು. "ಹದಿಮೂರು, ಹದಿನಾಲ್ಕು, ಹದಿ... ಹದಿ..." ಮುಂದಿನದು ಮರೆತುಹೋಗಿದೆ. ಹಿಂದಿದ್ದ ಹುಡುಗಿ "ಹದಿನೈದು" ಎಂದು ಪಿಸುಗುಟ್ಟುತ್ತಾಳೆ. ಎಣಿಕೆ ಮುಂದುವರಿಯುತ್ತದೆ, ಉಗುರಿನ ಮಣ್ಣು ಇಳಿಯುತ್ತದೆ.

ಗೋಡೆಯ ಮೇಲೆ ಕೈತೊಳೆಯುವ ಚಿತ್ರವಿದೆ, ಯಾರೂ ಅದನ್ನು ನೋಡುತ್ತಿಲ್ಲ. ಮಕ್ಕಳು ಕಲಿಯುತ್ತಿರುವುದು ಪರಸ್ಪರರಿಂದ. ಉಪದೇಶದಿಂದ ಬಾರದ್ದು ದಿನವೂ ಒಂದೇ ಹೊತ್ತಿಗೆ, ಹತ್ತು ಮಂದಿಯ ಜೊತೆ ಮಾಡಿದ್ದರಿಂದ ಬರುತ್ತದೆ. ಪ್ರಾರ್ಥನೆ ಬಾಯಿಪಾಠವಾದದ್ದೂ ಹೀಗೆಯೇ, ಶುಚಿತನ ಕೈಗೆ ಹತ್ತುವುದೂ ಹೀಗೆಯೇ.

ಉಂಡ ಮೇಲೆ ಮಾತ್ರೆ. ಇವತ್ತು ಹುಳದ ಔಷಧಿಯ ದಿನ. ಅಲ್ಬೆಂಡಜೋಲ್, 400 ಮಿಲಿಗ್ರಾಂ. ಟೀಚರ್ ಹೆಸರು ಕರೆದು ಕೈಗೆ ಕೊಡುತ್ತಾರೆ. "ನುಂಗಬೇಡ, ಅಗಿದು ತಿನ್ನು. ಎಲ್ಲಿ, ಬಾಯಿ ತೆರೆ ನೋಡುವಾ." ಜ್ವರವಿದ್ದವಳಿಗೆ ಇವತ್ತು ಬೇಡ, ಗುಣವಾದ ಮೇಲೆ ಅವಳ ಪಾಲು ಸಿಗುತ್ತದೆ. ಮಾತ್ರೆ ಹೊಟ್ಟೆಯ ಹುಳ ಕೊಲ್ಲುತ್ತದೆ, ನಾಳೆ ಮತ್ತೆ ಹತ್ತುವುದನ್ನು ತಡೆಯುವುದಿಲ್ಲ. ತಡೆಯಬೇಕಾದದ್ದು ಬೆಳಗಿನ ಚಪ್ಪಲಿ, ಶುಚಿಯಾದ ಶೌಚಾಲಯ ಮತ್ತು ಆ ಬಲೆಯೊಳಗಿನ ಸೋಪು.

ಸಂಜೆ ಶಾಲೆ ಬಿಟ್ಟಿತು. ಗೇಟಿನ ಬಳಿ ಅಮ್ಮನ ಸೆರಗು ಹಿಡಿದು ನಿಂತ ಪುಟ್ಟ ತಂಗಿಯ ಕೈಯಲ್ಲಿ ಬಿಸ್ಕಿಟಿದೆ, ಬೆರಳ ತುಂಬ ಕೆಸರು. ಹದಿನೈದು ಮರೆತಿದ್ದ ಅದೇ ಹುಡುಗ ಬಿಸ್ಕಿಟನ್ನು ಅಮ್ಮನಿಗೆ ಕೊಟ್ಟು, ತಂಗಿಯನ್ನು ನಳ್ಳಿಗೆ ಎಳೆದೊಯ್ಯುತ್ತಾನೆ. "ಇಪ್ಪತ್ತರವರೆಗೆ ಎಣಿಸು."

"ನಂಗೆ ಐದೇ ಬರುವುದು."

ಹುಡುಗ ಒಂದು ಗಳಿಗೆ ಯೋಚಿಸುತ್ತಾನೆ. "ಹಾಗಾದರೆ ಐದನ್ನೇ ನಾಲ್ಕು ಸಲ ಹೇಳು."