ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ನಮಗೊಂದು ಕಾಗದ ಬಂದಿದೆ. ಜಿಲ್ಲೆಯ ಕವಿಗಳ ಬಗ್ಗೆ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನ ನಮ್ಮ ಕವಿಕೂಟದ ಸದಸ್ಯರು ಯಾರ್‍ಯಾರು, ಎಷ್ಟು ಪುಸ್ತಕ ತಂದಿದ್ದಾರೆ, ಎಷ್ಟು ಪ್ರಶಸ್ತಿ ಬಂದಿದೆ, ಎಲ್ಲೆಲ್ಲಿ ಸನ್ಮಾನ ಆಗಿದೆ, ಎಲ್ಲ ಎರಡು ಪುಟ ಮೀರದಂತೆ ಬರೆದು ಕಳಿಸಿ ಎಂದು ಕೇಳಿದ್ದಾರೆ. ಕೇಳಿದ್ದು ತಪ್ಪಲ್ಲ. ನಾವೂ ಬರೆಯಲಿಕ್ಕೆ ಕುಂತೆವು. ಬರೆಯುತ್ತ ಬರೆಯುತ್ತ ಇಸವಿ ಖಾತ್ರಿ ಮಾಡಿಕೊಳ್ಳಲು ಹಳೇ ಹಾಜರಿ ಪುಸ್ತಕ ಬೇಕಾಯಿತು. ಅದನ್ನು ಟ್ರಂಕಿನಿಂದ ತೆಗೆದ ಮೇಲೆ ಎರಡು ಪುಟದ ಕೆಲಸ ಅಲ್ಲಿಗೇ ನಿಂತಿತು.

ಕೂಟ ಅಂದರೆ ದೊಡ್ಡದೇನಲ್ಲ. ಸಾಲಿ ಮಾಸ್ತರರೇ ಜಾಸ್ತಿ. ಒಬ್ಬ ಬಸ್ ಕಂಡಕ್ಟರ್, ಕೊಟ್ಟೂರಿನ ಒಬ್ಬ ಟೈಲರ್, ಹಮಾಲಿ ಮಾಡುತ್ತಲೇ ಪಿಯುಸಿ ಮುಗಿಸಿದವನೊಬ್ಬ, ತಾಂಡಾದಿಂದ ಬಂದ ಇಬ್ಬರು. ಸೇರುವುದು ಭಾನುವಾರ, ಯಾರದಾದರೂ ಸಾಲಿಯ ಕೋಣೆಯಲ್ಲಿ. ಎಂಬತ್ತರ ದಶಕದಲ್ಲಿ ಶುರುವಾದಾಗ ಪದ್ಯ ಓದಿ ಮುಗಿಸಿ ಚಾ ಕುಡಿಯೋಣ ಎಂದು ಹೊರಟರೆ, ನಮ್ಮಲ್ಲಿ ಕೆಲವರಿಗೆ ಹೋಟೆಲಿನ ಒಳಗೆ ಬೆಂಚು, ಕೆಲವರಿಗೆ ಹೊರಗೆ ಗೋಡೆಯ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ. ಎರಡನೇ ಭಾನುವಾರದಿಂದ ಎಲ್ಲರೂ ಹೊರಗೇ ನಿಂತು ಕುಡಿಯುವುದೆಂದು ಆಯಿತು. ಹೋಟೆಲಿನವನು ಲೋಟ ಸಾಲದೆ ಒಳಗಿನವೇ ಕೊಟ್ಟ. ನಮ್ಮ ಮೊದಲ ಸಾಧನೆ ಇದೇ ಇರಬೇಕು. ಯಾವ ಸ್ಮರಣ ಸಂಚಿಕೆಯಲ್ಲೂ ಇದಕ್ಕೆ ಕಾಲಂ ಇರುವುದಿಲ್ಲ.

ಈ ಸೀಮೆಯನ್ನು ಸರ್ಕಾರ ಆಡಿಸಿದಷ್ಟು ಮಕ್ಕಳೂ ಬುಗುರಿ ಆಡಿಸುವುದಿಲ್ಲ. 1953ರ ಅಕ್ಟೋಬರ್ ತನಕ ಮದ್ರಾಸಿನವರು, ಆಮೇಲೆ ಮೈಸೂರಿನವರು. 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಹಚ್ಚಿದರು. 371(ಜೆ) ಬಂದಾಗ ಆ ತಾಲ್ಲೂಕು ಹೊರಗೆ ಉಳಿಯಿತು. ಅದೇ ಬೆವರು, ಅದೇ ಬರ, ನದಿಯ ಅದೇ ದಂಡೆ, ಕೂಡ್ಲಿಗಿಯ ಹುಡುಗನಿಗೆ ಸಿಕ್ಕ ಮೀಸಲಾತಿ ಹರಪನಹಳ್ಳಿಯ ಹುಡುಗನಿಗಿಲ್ಲ. ಹೋರಾಟ ಮಾಡಿ ಮಾಡಿ ಬಳ್ಳಾರಿಗೆ ಮರಳಿದ್ದಾಯಿತು, 2021ರಲ್ಲಿ ಎಲ್ಲರೂ ಸೇರಿ ವಿಜಯನಗರ ಜಿಲ್ಲೆಯವರಾದೆವು. ಜಿಲ್ಲೆ ಯಾವುದಾದರೂ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹತ್ತುವುದು ಬೆಂಗಳೂರಿನ ಬಸ್ಸು, ಇಲ್ಲವೆ ಕಾಫಿ ಸೀಮೆಯ ಬಸ್ಸು. ನಮ್ಮ ಪದ್ಯಗಳಲ್ಲಿ ಬಸ್‌ಸ್ಟ್ಯಾಂಡು ಅಷ್ಟು ಸಲ ಬರುವುದಕ್ಕೆ ಇದೇ ಕಾರಣ.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದವರಿಗೆ ಇಲ್ಲವೆಂದರು. ಸಾಹಿತ್ಯದಲ್ಲಿ ದಲಿತ, ಬಲಿತ ಎಂಬುದಿಲ್ಲ ಎನ್ನುವ ಮಾತು ಆಗ ದೊಡ್ಡವರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದಕ್ಕೂ ಮೊದಲೇ ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ನಮ್ಮ ಹರಪನಹಳ್ಳಿಯ ಪಕ್ಕದ ಹರಿಹರದವರು. ಇತ್ತ ಕೊಟ್ಟೂರಿನ ಕುಂ. ವೀರಭದ್ರಪ್ಪ, 1953ರಲ್ಲಿ ಹುಟ್ಟಿದವರು, ಆಂಧ್ರದ ಹಳ್ಳಿಯಲ್ಲಿ ಕನ್ನಡ ಸಾಲಿ ಮಾಸ್ತರಿಕೆ ಮಾಡುತ್ತ ಬರೆಯುತ್ತಿದ್ದರು. ಅವರನ್ನು ಎಲ್ಲರೂ ಕಾದಂಬರಿಕಾರ ಎನ್ನುತ್ತಾರೆ. ನಾವು ಕವಿಗಳು ಹಟ ಮಾಡಿ ನೆನಪಿಸುವುದು ‘ದಿವಿ ಸೀಮೆಯ ಹಾಡು’ ಎಂಬ ಪದ್ಯದ ಪುಸ್ತಕವನ್ನು. ಓದಬೇಕೆಂಬ ದಲಿತ ಹುಡುಗ ಕೊಟ್ರೇಶಿಯ ಕಥೆ ಬರೆದದ್ದೂ ಅವರೇ. 1994ರಲ್ಲಿ ಅದು ನಾಗತಿಹಳ್ಳಿ ಚಂದ್ರಶೇಖರ್ ಕೈಯಲ್ಲಿ ‘ಕೊಟ್ರೇಶಿ ಕನಸು’ ಸಿನಿಮಾ ಆಗಿ ರಾಷ್ಟ್ರ ಪ್ರಶಸ್ತಿ ತಂದಿತು. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಲಬುರ್ಗಿಯವರ ಕೊಲೆಯಾದ 2015ರಲ್ಲಿ ಆ ಪ್ರಶಸ್ತಿಯನ್ನು ವಾಪಸು ಕೊಟ್ಟರು. ಬಂದದ್ದಕ್ಕಿಂತ ಕೊಟ್ಟದ್ದರ ಬಗ್ಗೆ ನಮಗೆ ಹೆಚ್ಚು ಹೆಮ್ಮೆ. ದುಡ್ಡು ಕಟ್ಟಿ ಶಾಲು ಹೊದೆಸಿಕೊಳ್ಳುವವರೂ, ಮೊಬೈಲಿನಲ್ಲಿ ಬಂದ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸುವವರೂ ನಮ್ಮಲ್ಲೇ ಇದ್ದಾರಲ್ಲ, ಅವರಿಗೆ ಇದನ್ನು ಆಗಾಗ ಹೇಳಬೇಕಾಗುತ್ತದೆ.

ಹಿಂದಕ್ಕೆ ಹೋದರೆ ಬೀchi ಹುಟ್ಟಿದ್ದು 1913ರಲ್ಲಿ ಇದೇ ಹರಪನಹಳ್ಳಿಯಲ್ಲಿ. ಇನ್ನೂ ಹಿಂದಿನವಳು, ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವ. ಅಕ್ಷರ ಕಲಿಯದ ಹೆಂಗಸು, ದಾಸರ ಸಾಲಿನಲ್ಲಿ ಕುಂತಳು. ಅವಳ ಹಾಡು ಉಳಿದದ್ದು ಮೊದಲು ಹೆಂಗಸರ ಬಾಯಲ್ಲಿ, ಕಾಗದದ ಮೇಲೆ ಬಂದದ್ದು ಆಮೇಲೆ. ಚಿಗಟೇರಿಯ ಮುದೇನೂರು ಸಂಗಣ್ಣನವರು ಊರ ಜನ ಆಡುವ ಒಂದೊಂದೇ ಮಾತನ್ನು ಆರಿಸಿ ‘ಚಿಗಟೇರಿ ಪದಕೋಶ’ ಮಾಡಿದರು. ಒಂದು ಹಳ್ಳಿಯ ಮಾತಿಗೆ ಒಂದು ನಿಘಂಟು! ನಮ್ಮ ಮಾತು ಒರಟು ಎಂದು ನಾಚುತ್ತಿದ್ದ ಹಾಸ್ಟೆಲ್ ಹುಡುಗರಿಗೆ ಆ ಪುಸ್ತಕ ತೋರಿಸಿದ ದಿನ ಅವರ ಮುಖ ನೋಡಬೇಕಿತ್ತು.

ಇಷ್ಟೆಲ್ಲ ಬರೆದೆವು. ಚೆನ್ನಾಗಿಯೇ ಇತ್ತು. ಆಮೇಲೆ ಹಾಜರಿ ಪುಸ್ತಕ ತೆರೆದೆವು.

ಗೆರೆ ಹೊಡೆದು ಕಾಲಂ ಮಾಡಿದ್ದಾರೆ. ಹೆಸರು. ತಂದೆಯ ಹೆಸರು. ವಿದ್ಯಾಭ್ಯಾಸ. ಪ್ರಕಟವಾದ ಕೃತಿಗಳು. ಸಹಿ. ಸಾಲಿಯ ದಾಖಲಾತಿ ಪುಸ್ತಕ ನೋಡಿಕೊಂಡೇ ಗೆರೆ ಹೊಡೆದದ್ದು, ಮಾಸ್ತರರ ಬುದ್ಧಿ ಎಲ್ಲಿ ಹೋಗುತ್ತದೆ. ಇಷ್ಟು ವರ್ಷ ವ್ಯವಸ್ಥೆಯನ್ನು ಸುಡುತ್ತೇವೆಂದು ಪದ್ಯ ಬರೆದವರು, ವ್ಯವಸ್ಥೆಯ ಕಾಲಮ್ಮಿನ ಕೆಳಗೆ ಸಹಿ ಮಾಡುತ್ತ ಬಂದಿದ್ದೇವೆ. ನಕ್ಕೆವು. ನಮ್ಮಲ್ಲೊಬ್ಬ ನಗಲಿಲ್ಲ. ಹರಪನಹಳ್ಳಿ ಕಡೆಯ ಗೆಳೆಯ, ಮಾಸ್ತರಿಕೆಯಿಂದ ರಿಟೈರಾದವನು. ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟ.

‘ಈ ಅಪ್ಪ ಹುಟ್ಟೇ ಇಲ್ಲ’ ಎಂದ.

ಕಾಲಮ್ಮಿನಲ್ಲಿ ಕೊಟ್ರಪ್ಪ ಎಂದಿತ್ತು.

‘ಸಾಲಿಗೆ ಸೇರಿಸಾಕ ಹೋದಾಗ ಅಪ್ಪನ ಹೆಸರು ಬೇಕಂದ್ರಂತ. ನಮ್ಮವ್ವ ಎಲ್ಲಿಂದ ತರಬೇಕು? ಆವತ್ತು ಕೊಟ್ಟೂರಿಗೆ ನಡಕೊಂಡು ಹೋಗೋ ಜನ ರಸ್ತೇಲಿ ಹೊಂಟಿದ್ರಂತ. ಕೊಟ್ರಪ್ಪ ಅಂತ ಬರ್ಕಳ್ರಿ ಅಂದ್ಲಂತ. ಎಸ್ಸೆಸ್ಸೆಲ್ಸಿ, ಟಿಸಿಎಚ್, ಪೆನ್ಶನ್ನು ಎಲ್ಲಾದ್ರಾಗೂ ನಾನು ಕೊಟ್ರಪ್ಪನ ಮಗ.’

ಕೊಟ್ಟೂರಿನ ಟೈಲರು ಮೆಲ್ಲಗೆ, ‘ನಮ್ಮೂರಾಗ ಅರ್ಧ ಜನ ಕೊಟ್ರಪ್ಪನ ಮಕ್ಳೇ ಬಿಡಣ್ಣ’ ಎಂದ. ನಗಿಸಲಿಕ್ಕೆ ಹೇಳಿದ್ದು. ಯಾರೂ ನಗಲಿಲ್ಲ.

ಅವನ ಅವ್ವನಿಗೆ ಉಚ್ಚಂಗಿದುರ್ಗದಲ್ಲಿ, ಒಂದು ಭರತ ಹುಣ್ಣಿಮೆಗೆ, ಮುತ್ತು ಕಟ್ಟಿದ್ದರು. ಇಷ್ಟು ವರ್ಷ ನಮ್ಮ ಜೊತೆ ಒಂದೇ ಲೋಟದಲ್ಲಿ ಚಾ ಕುಡಿದವನು ಇದನ್ನು ನಮಗೆ ಹೇಳಿರಲಿಲ್ಲ. ಹೇಳದಂತೆ ಮಾಡಿದವರು ನಾವು ಎಂಬುದು ಆಮೇಲೆ ಹೊಳೆಯಿತು. ಯಾಕೆಂದರೆ ಆ ಅವ್ವನನ್ನು ನಾವು ನೋಡಿದ್ದೆವು.

ಬಹಳ ವರ್ಷದ ಹಿಂದೆ ಅವನ ಊರಿನ ಹತ್ತಿರ ಕವಿಗೋಷ್ಠಿ ಇಟ್ಟಿದ್ದೆವು. ಮೈಕಿನ ಸದ್ದಿಗೆ ಕೇರಿಯ ಹೆಂಗಸರು ಬಂದು ಹಿಂದೆ ಕುಂತರು. ನಮ್ಮಲ್ಲೊಬ್ಬ ಕವಿ, ಆಗ ಹೆಸರು ಮಾಡುತ್ತಿದ್ದವನು, ಬಹುಮಾನ ಬಂದಿದ್ದ ತನ್ನ ಪದ್ಯ ಓದಿದ. ತಲೆಯ ಮೇಲೆ ಕೊಡ ಹೊತ್ತು ಗುಡ್ಡ ಹತ್ತುವ ಹುಡುಗಿ, ಕಾಲಿಗೆ ಮುರಿದ ಮುಳ್ಳನ್ನು ಹೆತ್ತವಳಿಗೆ ತೋರಿಸದೆ ನಡೆಯುತ್ತಾಳೆ, ಅದರ ಪದ್ಯ. ಚಪ್ಪಾಳೆ ಬಿತ್ತು. ಹಿಂದಿನಿಂದ ಚೌಡಿಕೆ ಹಿಡಿದ ಹೆಂಗಸೊಬ್ಬಳು ಎದ್ದು ನಿಂತು, ‘ಯಪ್ಪಾ, ಇದು ನಾ ಕಟ್ಟಿದ ಪದ ಅಲ್ಲೇನು? ಮುಳ್ಳು ನನ್ ಕಾಲಿಗೆ ಮುರಿದಿದ್ದು’ ಎಂದಳು. ಜಗಳದ ದನಿ ಅಲ್ಲ, ಗುರುತು ಹಿಡಿದವರ ದನಿ.

ನಾವು ಏನು ಮಾಡಿದೆವು? ಜನಪದಕ್ಕೆ ಕರ್ತೃ ಇರುವುದಿಲ್ಲ ಎಂದು ಮೈಕಿನಲ್ಲಿ ವಿವರಿಸಿದೆವು. ಕಾಲೇಜಿನ ಪುಸ್ತಕದಲ್ಲಿ ಓದಿದ್ದು, ಸರಿಯಾದ ಹೊತ್ತಿಗೆ ನೆನಪಿಗೆ ಬಂತು. ಒಡೆಯರಿಲ್ಲದ ಭೂಮಿ ಗೌಡರ ಪಾಲಾದಾಗ ತಾಲ್ಲೂಕು ಕಚೇರಿ ಮುಂದೆ ಧರಣಿ ಕುಂತವರು ನಾವೇ. ಒಡೆಯರಿಲ್ಲದ ಹಾಡು ನಮ್ಮ ಪಾಲಾದಾಗ ಅದು ಸೃಜನಶೀಲತೆ ಆಯಿತು. ಕೊನೆಗೆ ಅವಳಿಗೊಂದು ಶಾಲು ಹೊದೆಸಿದೆವು. ಕೊಟ್ಟೂರ ತೇರಿನ ದಿನ ದಲಿತ ಹೆಂಗಸಿನ ಆರತಿ ಆಗದೆ ಸ್ವಾಮಿ ಹೊರಡುವುದಿಲ್ಲ. ಒಂದು ದಿನದ ಆರತಿ, ಉಳಿದ ದಿನ ಯಾವ ನ್ಯಾಯ ಎಂದು ನಾವೇ ಪದ್ಯ ಬರೆದವರು. ನಮ್ಮ ಶಾಲೂ ಒಂದು ದಿನದ್ದೇ.

ಅವಳ ಮಗ ವೇದಿಕೆಯ ಮೇಲೆ, ನಮ್ಮ ಪಕ್ಕದ ಕುರ್ಚಿಯಲ್ಲಿ ಕುಂತಿದ್ದ. ತಲೆ ತಗ್ಗಿಸಿದ್ದ. ಅವ್ವನೂ ಅವನ ಕಡೆ ನೋಡಲಿಲ್ಲ. ಮಗನ ನೌಕರಿಯ ಮರ್ಯಾದೆ ಕಾಯುತ್ತಿದ್ದಳು.

ದೇವದಾಸಿ ಬಿಡುವುದನ್ನು ನಿಷೇಧಿಸಿ ರಾಜ್ಯ ಕಾನೂನು ಮಾಡಿದ್ದು 1982ರಲ್ಲಿ. 1993-94ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 22,873 ಮಂದಿ ಎಂದಿತು, 2007-08ರದ್ದೂ ಸೇರಿ ಒಟ್ಟು 46,660 ಆಯಿತು. ಕಾನೂನು ಬಂದ ಮೇಲೆ ಲೆಕ್ಕ ಇಮ್ಮಡಿ. ಹಿಂದೆ ಎಣಿಸದೆ ಬಿಟ್ಟವರೆಷ್ಟೋ, ಆಮೇಲೆ ಕದ್ದು ಮುತ್ತು ಕಟ್ಟಿದ್ದೆಷ್ಟೋ. ಮಕ್ಕಳ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬ ಮಾತು 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆಗೆ ಬಂತು. ನಮ್ಮ ಹಾಜರಿ ಪುಸ್ತಕಕ್ಕೆ ಆಗಲೂ ಬಂದಿರಲಿಲ್ಲ.

ನಾವು ಕಾಣದೇ ಹೋದದ್ದನ್ನು ಬೇರೆಯವರು ಕಂಡಿದ್ದರು. ಸಂಡೂರು ಸೀಮೆಯ ದರೋಜಿಯ ಈರಮ್ಮ, ಅಲೆಮಾರಿ ಬುಡ್ಗ ಜಂಗಮರ ಹೆಂಗಸು, ಕುಮಾರರಾಮನಂಥ ದೊಡ್ಡ ದೊಡ್ಡ ಕಾವ್ಯಗಳನ್ನು ಅಕ್ಷರದ ಹಂಗಿಲ್ಲದೆ ಹಾಡುತ್ತಿದ್ದಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವಳನ್ನು ನಾಡೋಜ ಎಂದು ಕರೆಯಿತು. 2014ರಲ್ಲಿ ತೀರಿಕೊಂಡಳು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯ ಮೇಳದಲ್ಲಿ ಕುಣಿದು ಬೆಳೆದವರು, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲೇ ಮರಿಯಮ್ಮನಹಳ್ಳಿ. ಎಷ್ಟು ಸಲ ಆ ಊರು ದಾಟಿ ಕವಿಗೋಷ್ಠಿಗೆ ಹೋಗಿದ್ದೇವೆ! ಕಿಟಕಿಯಿಂದ ಹೊರಗೆ ನೋಡುತ್ತ ನಮ್ಮ ಪದ್ಯವನ್ನು ನಾವೇ ಗುನುಗಿಕೊಂಡು.

ಹಡಗಲಿಯ ಗೆಳೆಯ ಮೈಲಾರದ ಮಾತು ತೆಗೆದ. ಅದೇ ಭರತ ಹುಣ್ಣಿಮೆ ಕಳೆದ ಮೇಲೆ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ, ಸದ್ದು ಅಡಗಿಸಿ, ಒಂದೇ ಒಂದು ಮಾತು ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಹಿಡಿದು ಕೇಳುತ್ತಾರೆ. ಮಳೆ ಏನು, ಬೆಳೆ ಏನು, ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂದು ವರ್ಷವಿಡೀ ಅರ್ಥ ಬಿಡಿಸುತ್ತಾರೆ. ‘ನಮ್ ಒಂದ್ ಸಾಲಿಗೆ ಹಂಗ ಯಾರರ ಕಿವಿ ಕೊಟ್ಟಾರ?’ ಎಂದು ಅವನು ಪ್ರತಿ ವರ್ಷ ಗೊಣಗುತ್ತಾನೆ. ಈ ಸಲ ಗೊಣಗಲಿಲ್ಲ. ‘ಆಯವ್ವ ಎದ್ದು ನಿಂತಾಗ ನಾವು ಕಿವಿ ಕೊಟ್ಟಿದ್ರ ಸಾಕಿತ್ತು’ ಎಂದ.

ಬಹುಮಾನದ ಕವಿ ಅಲ್ಲೇ ಇದ್ದ. ಈಗ ಅವನಿಗೂ ಕೂದಲು ಬೆಳ್ಳಗಾಗಿವೆ. ‘ನನಗ ಆವತ್ತೇ ಗೊತ್ತಿತ್ತು’ ಎಂದ. ‘ಸಣ್ಣಾಂವ ಇದ್ದಾಗ ಜಾತ್ರ್ಯಾಗ ಕೇಳಿದ್ದೆ. ಕೇಳಿ ಕೇಳಿ ನಂದೇ ಅನಿಸಿಬಿಟ್ಟಿತ್ತು.’ ಅವನನ್ನೊಬ್ಬನನ್ನೇ ಬಯ್ಯುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವ್ವನ ಬಗ್ಗೆ ಪದ್ಯ ಬರೆಯದವರು ಕೂಟದಲ್ಲಿ ಯಾರಿದ್ದಾರೆ? ಕೂಟದಲ್ಲಿ ಅವ್ವಂದಿರು ಎಷ್ಟು ಮಂದಿ ಇದ್ದಾರೆ? ಪುಸ್ತಕ ಮೊದಲಿಂದ ಕಡೆಯತನಕ ತಿರುವಿದೆವು. ಹೆಣ್ಣಿನ ಹೆಸರು ಮೂರು, ಮೂವರೂ ಮಾಸ್ತರತಿಯರು.

ಮುಂದಿನ ಭಾನುವಾರ ಎಲ್ಲರೂ ಆ ಊರಿಗೆ ಹೋದೆವು. ಹೊಸ ಪುಸ್ತಕ ತಗೊಂಡು ಹೋಗಿದ್ದೆವು, ತಂದೆಯ ಹೆಸರಿನ ಕಾಲಂ ಇಲ್ಲದ್ದು. ಹಳೆಯದರಲ್ಲೂ ಆ ಕಾಲಮ್ಮಿಗೆ ಉದ್ದಕ್ಕೆ ಗೆರೆ ಎಳೆಯೋಣ ಎಂದಾಗ ಗೆಳೆಯ, ‘ನಂದು ಬಿಡ್ರಿ, ಅದು ನಮ್ಮವ್ವ ಕಟ್ಟಿದ ಹೆಸರು’ ಎಂದ. ಬಿಟ್ಟೆವು.

ಅವ್ವ ಜಗುಲಿಯ ಮೇಲೆ ಕುಂತಿದ್ದಳು. ಕಣ್ಣು ಮಂಜು. ಬಹುಮಾನದ ಕವಿ ಹೋಗಿ ಕಾಲ ಹತ್ತಿರ ಕುಂತ. ಏನು ಹೇಳಬೇಕೋ ಗೊತ್ತಾಗದೆ, ‘ದೊಡ್ಡವ್ವಾ, ಆ ಮುಳ್ಳಿನ ಪದ...’ ಎಂದ.

‘ಗೊತ್ತಾತು ಬಿಡಪ್ಪ. ನೀ ಅದನ್ನ ಪೂರಾ ಹೇಳಿಲ್ಲ ಆವತ್ತು. ಅರ್ಧಕ್ಕ ಬಿಟ್ಟಿ.’

‘ಇನ್ನೂ ಐತೇನವ್ವಾ?’

‘ಐತಿ ಅಂದ್ರ! ಗುಡ್ಡ ಹತ್ತಿದ ಮ್ಯಾಲೆ ಇಳಿಬೇಕಲ್ಲೋ.’

ಹೊಸ ಪುಸ್ತಕದಲ್ಲಿ ಅವಳ ಹೆಸರು ಮೊದಲು ಬರೆದೆವು, ಹೆಬ್ಬೆಟ್ಟು ಒತ್ತಿದಳು. ಪ್ರಕಟವಾದ ಕೃತಿಗಳು ಎಂಬಲ್ಲಿ ಪೆನ್ನು ನಿಂತಿತು. ಏನು ಬರೆಯಲಿ ಎಂದು ಕಂಡಕ್ಟರು ಕೇಳಿದ. ಅವಳು ಅದಕ್ಕೆ ಉತ್ತರ ಕೊಡದೆ ಗೂಟದ ಮೇಲಿನ ಚೌಡಿಕೆ ಕೊಡು ಎಂದು ಮಗನಿಗೆ ಕೈ ಮಾಡಿದಳು. ತಂತಿ ಬಿಗಿ ಮಾಡಿ ಕೊಟ್ಟವನು ಅವನೇ. ಬಿಗಿ ಮಾಡಲು ಅವನಿಗೆ ಬರುತ್ತದೆಂದು ನಮಗೆ ಆವತ್ತೇ ಗೊತ್ತಾದದ್ದು.

ಇಬ್ಬರು ಬರೆದುಕೊಳ್ಳುತ್ತ ಕುಂತೆವು. ಒಬ್ಬನ ಕೈ ಸೋತರೆ ಇನ್ನೊಬ್ಬ. ಹೊತ್ತು ಮುಳುಗಿತು. ಹರಪನಹಳ್ಳಿಗೆ ಹೋಗುವ ಕೊನೇ ಬಸ್ಸು ಊರ ಮುಂದೆ ಹಾರನ್ ಹೊಡೆಯಿತು. ಕಂಡಕ್ಟರು ಅಭ್ಯಾಸಬಲದಿಂದ ಎದ್ದು ನಿಂತ, ಪದದ ಹುಡುಗಿ ಇನ್ನೂ ಗುಡ್ಡದ ನಡುವೆ ಇದ್ದಳು, ಮತ್ತೆ ಕುಂತ.