‘ಮೈಲಿ’ ಹುಟ್ಟಿದ ಊರಿನಲ್ಲಿ

ಹುಬ್ಬಳ್ಳಿ ಮತ್ತು ಧಾರವಾಡದವರು ಒಬ್ಬರನ್ನೊಬ್ಬರು ಕಾಲೆಳೆಯುವುದನ್ನು ಕೇಳಿದವರಿಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಗರಗಳ ಸಂಬಂಧ ಬೇಗ ಅರ್ಥವಾಗುತ್ತದೆ. ಎರಡರ ನಡುವೆ ಇರುವುದು ಸುಮಾರು ಐವತ್ತು ಕಿಲೋಮೀಟರ್. ಒಂದು ಬ್ಯಾಂಕು, ವ್ಯಾಪಾರಗಳ ಊರು. ಇನ್ನೊಂದು ದನದ ಸಂತೆಯಿಂದ ಬೆಳೆದ ಊರು. ಫೋರ್ಟ್ ವರ್ತ್‌ನ ಪತ್ರಿಕೋದ್ಯಮಿ ಏಮನ್ ಕಾರ್ಟರ್ ಡಲ್ಲಾಸ್‌ಗೆ ಹೋಗಲೇಬೇಕಾದಾಗ ಮನೆಯಿಂದಲೇ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದರಂತೆ. ಆ ಊರಿನ ಹೋಟೆಲಿಗೆ ಒಂದು ಡಾಲರನ್ನೂ ಕೊಡಬಾರದೆಂಬ ಹಟ! ವಿಮಾನ ನಿಲ್ದಾಣದ ವಿಷಯದಲ್ಲೂ ಇದೇ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ 1964ರಲ್ಲಿ ಕೇಂದ್ರದ ವಿಮಾನಯಾನ ಮಂಡಳಿ ‘ಇಬ್ಬರೂ ಸೇರಿ ಒಂದೇ ನಿಲ್ದಾಣ ಕಟ್ಟಿಕೊಳ್ಳಿ’ ಎಂದು ಗದರಿಸಿದ ಮೇಲೆ, ಎರಡೂ ಊರಿನ ಹೆಸರು ಹೊತ್ತ ‘ಡಿಎಫ್‌ಡಬ್ಲ್ಯೂ’ ನಿಲ್ದಾಣ ಇಬ್ಬರಿಗೂ ಸರಿಸುಮಾರು ನಡುಮಧ್ಯದ ಹುಲ್ಲುಗಾವಲಿನಲ್ಲಿ ಮೇಲೆದ್ದಿತು. 1974ರ ಜನವರಿ 13ರಂದು ಅಲ್ಲಿ ಪ್ರಯಾಣಿಕರ ವಿಮಾನಗಳ ಸಂಚಾರ ಆರಂಭವಾಯಿತು.

ಇದರ ವಿಸ್ತಾರ 17 ಸಾವಿರ ಎಕರೆಗೂ ಹೆಚ್ಚು. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪವನ್ನು ಎತ್ತಿ ತಂದು ಇಲ್ಲಿ ಇಟ್ಟರೂ ಇನ್ನಷ್ಟು ಜಾಗ ಉಳಿಯುತ್ತದೆ. ನಿಲ್ದಾಣಕ್ಕೆ ತನ್ನದೇ ಪೊಲೀಸರು, ತನ್ನದೇ ಅಗ್ನಿಶಾಮಕ ದಳ, ತನ್ನದೇ ಅಂಚೆ ಪಿನ್ ಸಂಖ್ಯೆ. ಕಾರಿನಿಂದ ಇಳಿದವರು ನಾಲ್ಕು ಹೆಜ್ಜೆ ಇಟ್ಟರೆ ವಿಮಾನದ ಬಾಗಿಲು ಸಿಗಬೇಕೆಂದು ಟರ್ಮಿನಲ್‌ಗಳನ್ನು ಅರ್ಧಚಂದ್ರಾಕಾರದಲ್ಲಿ ಕಟ್ಟಿ, ನಡುವೆ ಹೆದ್ದಾರಿ ಹಾಯಿಸಿದರು. ಆದರೆ ಕಾಲಕ್ರಮದಲ್ಲಿ ಊರಿಗೆ ಬರುವವರಷ್ಟೇ ಮುಖ್ಯವಾಗಿ ಇಲ್ಲಿ ಒಂದು ವಿಮಾನ ಇಳಿದು ಇನ್ನೊಂದನ್ನು ಹತ್ತುವವರೂ ತುಂಬಿಕೊಂಡರು. ಅವರಿಗಾಗಿ 2005ರಲ್ಲಿ ‘ಸ್ಕೈಲಿಂಕ್’ ಎಂಬ ಚಾಲಕನಿಲ್ಲದ ರೈಲು ಬಂತು. ಅದರ ಕಿಟಕಿಯ ಪಕ್ಕ ಕುಳಿತು ಐದೂ ಟರ್ಮಿನಲ್‌ಗಳನ್ನು ಒಂದು ಸುತ್ತು ಹಾಕುವುದು ಪುಕ್ಕಟೆ ಮನರಂಜನೆ. ನಿಲ್ದಾಣದ ಅಂಚಿನ ‘ಫೌಂಡರ್ಸ್ ಪ್ಲಾಜಾ’ಕ್ಕೆ ಟಿಕೆಟ್ಟೇ ಬೇಡ. ಹುಲ್ಲಿನ ಮೇಲೆ ಕುಳಿತ ಸಂಸಾರಗಳು ತಿಂಡಿ ಪೊಟ್ಟಣ ಬಿಚ್ಚಿಕೊಂಡು, ಸಾಲಾಗಿ ಇಳಿಯುವ ವಿಮಾನಗಳನ್ನು ಮಕ್ಕಳಿಗೆ ತೋರಿಸುತ್ತಿರುತ್ತವೆ.

ಇಳಿಯುವ ವಿಮಾನಗಳಲ್ಲಿ ಬಹುಪಾಲು ‘ಅಮೆರಿಕನ್ ಏರ್‌ಲೈನ್ಸ್’ನವು. ಇಂದು ಜಗತ್ತಿನಾದ್ಯಂತ ಕ್ರೆಡಿಟ್ ಕಾರ್ಡಿನ ಜೊತೆ ಹೆಣೆದುಕೊಂಡಿರುವ ‘ಉಚಿತ ವಿಮಾನ ಪ್ರಯಾಣ’ದ ವ್ಯವಹಾರ ದೊಡ್ಡ ರೂಪ ತಳೆದದ್ದು ಈ ಕಂಪನಿಯ ಕೈಯಲ್ಲಿ, ಇದೇ ಊರಿನಲ್ಲಿ. ಅದಕ್ಕೊಂದು ಹಿನ್ನೆಲೆಯಿದೆ. 1978ರ ಅಕ್ಟೋಬರ್‌ವರೆಗೆ ಅಮೆರಿಕದಲ್ಲಿ ಯಾವ ವಿಮಾನ ಎಲ್ಲಿಗೆ ಹೋಗಬೇಕು, ಎಷ್ಟು ದರ ಪಡೆಯಬೇಕು ಎಂಬುದನ್ನು ಸರ್ಕಾರವೇ ತೀರ್ಮಾನಿಸುತ್ತಿತ್ತು. ಆ ಕಟ್ಟು ಸಡಿಲಿಸಿದ ಕಾಯ್ದೆ ಬಂದದ್ದೇ ತಡ, ಕಂಪನಿಗಳು ದರಯುದ್ಧಕ್ಕೆ ಇಳಿದವು. ಡಲ್ಲಾಸ್‌ನದೇ ಆದ ಬ್ರಾನಿಫ್ ಕಂಪನಿ ಎಲ್ಲ ದಿಕ್ಕಿಗೂ ಕೈಚಾಚಿ, ಸಾಲದಲ್ಲಿ ಮುಳುಗಿ, 1982ರ ಮೇ 12ರಂದು ಹಾರಾಟ ನಿಲ್ಲಿಸಿತು. 1979ರಲ್ಲಿ ನ್ಯೂಯಾರ್ಕಿನಿಂದ ಇಲ್ಲಿಗೆ ಕಚೇರಿ ಬದಲಿಸಿದ್ದ ಅಮೆರಿಕನ್‌ಗೆ, ಇದ್ದ ಗಿರಾಕಿಗಳನ್ನು ಹಿಡಿದಿಟ್ಟುಕೊಳ್ಳುವುದು ಹೇಗೆಂಬ ಚಿಂತೆ ಹತ್ತಿತ್ತು.

ಅದರ ಬಳಿ ಇದ್ದ ಅಸ್ತ್ರ ‘ಸೇಬರ್’ ಎಂಬ ಕಂಪ್ಯೂಟರ್ ವ್ಯವಸ್ಥೆ. ಅದರ ಹುಟ್ಟಿನ ಕತೆಯೂ ಸ್ವಾರಸ್ಯವಾಗಿದೆ. 1953ರಲ್ಲಿ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಇಬ್ಬರ ಹೆಸರೂ ಸ್ಮಿತ್. ಒಬ್ಬರು ಅಮೆರಿಕನ್‌ನ ಮುಖ್ಯಸ್ಥ ಸಿ.ಆರ್. ಸ್ಮಿತ್, ಇನ್ನೊಬ್ಬರು ಐಬಿಎಂ ಕಂಪನಿಯ ಮಾರಾಟ ವಿಭಾಗದವರು. ಆ ಹರಟೆಯ ಫಲವೇ ಗಣಕದ ಮೂಲಕ ಸೀಟು ಕಾಯ್ದಿರಿಸುವ ಪದ್ಧತಿ. ಸಿ.ಆರ್. ಸ್ಮಿತ್ ಹೆಸರಿನ ವಸ್ತುಸಂಗ್ರಹಾಲಯ ನಿಲ್ದಾಣಕ್ಕೆ ಸಮೀಪದಲ್ಲೇ, ಫೋರ್ಟ್ ವರ್ತ್ ಸೀಮೆಯಲ್ಲಿದೆ. ಅಲ್ಲಿ ನಿಲ್ಲಿಸಿರುವ ‘ಫ್ಲ್ಯಾಗ್‌ಶಿಪ್ ನಾಕ್ಸ್‌ವಿಲ್’ ಎಂಬ ಹಳೆಯ ಡಿಸಿ–3 ವಿಮಾನವನ್ನು ಶಾಲಾ ಮಕ್ಕಳು ಮುಗಿಬಿದ್ದು ನೋಡುತ್ತಾರೆ.

ಸೇಬರ್‌ನ ಕಡತಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಫೋನ್ ಸಂಖ್ಯೆಗಳನ್ನು ಹೆಕ್ಕಿ, ಪದೇ ಪದೇ ಪ್ರಯಾಣಿಸುವವರು ಯಾರೆಂದು ಕಂಪನಿ ಪತ್ತೆಮಾಡಿತು. 1981ರ ಮೇ 1ರಂದು ಅವರಿಗಾಗಿ ‘ಅಡ್ವಾಂಟೇಜ್’ ಯೋಜನೆ ಆರಂಭವಾಯಿತು. ಹಾರಿದ ಮೈಲಿಗಳು ಖಾತೆಗೆ ಜಮೆ. ಸಾಕಷ್ಟು ಸೇರಿದರೆ ಟಿಕೆಟ್ ಉಚಿತ. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ಇಂಥದೇ ಯೋಜನೆ ಹೂಡಿತು.

ಆಗಿನ್ನೂ ಮೈಲಿ ಗಳಿಸಲು ವಿಮಾನ ಹತ್ತಬೇಕಿತ್ತು. ಸಿಟಿಬ್ಯಾಂಕ್ ಜೊತೆಗೂಡಿ 1987ರಲ್ಲಿ ಹೊರತಂದ ಕ್ರೆಡಿಟ್ ಕಾರ್ಡು ಆ ಕಷ್ಟವನ್ನೂ ತಪ್ಪಿಸಿತು. ಒಂದು ಡಾಲರಿನ ಹಾಲು ಬ್ರೆಡ್ಡು ಕೊಂಡರೆ ಒಂದು ಮೈಲಿ! ಇದರ ಒಳಗುಟ್ಟು ಇಷ್ಟೇ: ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವನು ಮೊತ್ತದ ಶೇ. 2ರ ಆಸುಪಾಸು ಹಣವನ್ನು ಕಾರ್ಡು ವ್ಯವಸ್ಥೆಗೆ ಬಿಟ್ಟುಕೊಡುತ್ತಾನೆ. ಅದರಲ್ಲೂ, ಸಾಲ ಉಳಿಸಿಕೊಂಡವರು ಕಟ್ಟುವ ಬಡ್ಡಿಯಲ್ಲೂ ಒಂದು ಪಾಲಿನಿಂದ ಬ್ಯಾಂಕು ವಿಮಾನ ಕಂಪನಿಯಿಂದ ಮೈಲಿಗಳನ್ನು ಸಗಟಾಗಿ ಕೊಳ್ಳುತ್ತದೆ. ಅಂದರೆ ಮೈಲಿ ಎಂಬುದು ವಿಮಾನ ಕಂಪನಿ ತಾನೇ ಟಂಕಿಸಿ ಮಾರುವ ನಾಣ್ಯ. ಈ ಟಂಕಸಾಲೆಯ ಬೆಲೆ ಎಷ್ಟೆಂಬುದು ಕೊರೊನಾ ಕಾಲದಲ್ಲಿ ಗೊತ್ತಾಯಿತು. 2021ರ ಮಾರ್ಚ್‌ನಲ್ಲಿ ಅಮೆರಿಕನ್ ಈ ಅಡ್ವಾಂಟೇಜ್ ಯೋಜನೆಯನ್ನೇ ಅಡವಿಟ್ಟು ಸಾವಿರ ಕೋಟಿ ಡಾಲರ್ ಸಾಲ ಎತ್ತಿತು.

ನಾಣ್ಯ ಹೊರಬಿದ್ದ ಮೇಲೆ ಚತುರರು ಸುಮ್ಮನಿರುತ್ತಾರೆಯೇ? 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್, ಆಹಾರ ಕಂಪನಿಯೊಂದು ತನ್ನ ಪೊಟ್ಟಣಗಳ ಪಟ್ಟಿಗೆ ಪ್ರತಿಯಾಗಿ ಮೈಲಿ ಕೊಡುತ್ತಿರುವುದನ್ನು ಗಮನಿಸಿದರು. ಅತಿ ಅಗ್ಗದ ಪದಾರ್ಥವೆಂದರೆ ಪುಡಿಂಗ್. ಸುಮಾರು 3,140 ಡಾಲರ್‌ಗೆ 12,150 ಬಟ್ಟಲು ಪುಡಿಂಗ್ ಕೊಂಡು, ದಾನಸಂಸ್ಥೆಯೊಂದಕ್ಕೆ ಅದನ್ನು ಒಪ್ಪಿಸಿ, ಅಲ್ಲಿನವರ ನೆರವಿನಿಂದಲೇ ಪಟ್ಟಿಗಳನ್ನು ಬಿಡಿಸಿ ಕಳುಹಿಸಿದರು. ಬಂದದ್ದು 12 ಲಕ್ಷಕ್ಕೂ ಹೆಚ್ಚು ಮೈಲಿ, ಬಹುಪಾಲು ಅಡ್ವಾಂಟೇಜ್ ಖಾತೆಗೆ. ಮುಂದೆ ಕೆಲವರು ಅಮೆರಿಕದ ಸರ್ಕಾರಿ ಟಂಕಸಾಲೆಯಿಂದಲೇ ಡಾಲರ್ ನಾಣ್ಯಗಳನ್ನು ಕಾರ್ಡಿನಲ್ಲಿ ಕೊಂಡು, ಅದೇ ನಾಣ್ಯಗಳನ್ನು ಬ್ಯಾಂಕಿಗೆ ಕಟ್ಟಿ ಕಾರ್ಡಿನ ಬಾಕಿ ತೀರಿಸಿದರು. ಮೂಟೆಗಳು ಹೊರಜಗತ್ತು ಕಾಣದೆ ಬ್ಯಾಂಕಿಗೆ ಸೇರುತ್ತಿದ್ದವು, ಸಾಗಣೆ ವೆಚ್ಚ ಸರ್ಕಾರದ್ದು! 2011ರ ಜುಲೈನಲ್ಲಿ ಟಂಕಸಾಲೆ ಕಾರ್ಡು ಒಪ್ಪುವುದನ್ನು ನಿಲ್ಲಿಸಿತು.

ಇಂಥ ಕತೆಗಳು ಇಂದಿಗೂ ನಿಲ್ದಾಣದ ಈಶಾನ್ಯಕ್ಕಿರುವ ರಿಚರ್ಡ್‌ಸನ್‌ನ ವಿದ್ಯಾರ್ಥಿ ಕೊಠಡಿಗಳಲ್ಲಿ ಓಡಾಡುತ್ತವೆ. ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯಲ್ಲಿ ಭಾರತದ ವಿದ್ಯಾರ್ಥಿಗಳು ಬಹಳ. ಸುತ್ತಲಿನ ಪ್ಲೇನೊ, ಅರ್ವಿಂಗ್, ಫ್ರಿಸ್ಕೊ ಬಡಾವಣೆಗಳಲ್ಲಿ ಕನ್ನಡ ಮಾತಾಡುವ ಮನೆಗಳೂ ಕಡಿಮೆಯಿಲ್ಲ. ಊರಿನಿಂದ ಅಪ್ಪ ಅಮ್ಮನನ್ನು ಘಟಿಕೋತ್ಸವಕ್ಕೆ ಕರೆಸಿಕೊಳ್ಳಬೇಕು, ಟಿಕೆಟಿನ ಖರ್ಚು ತಾನೇ ನೋಡಿಕೊಳ್ಳಬೇಕು ಎಂಬುದು ಅಲ್ಲಿನ ಎಷ್ಟೋ ಹುಡುಗ ಹುಡುಗಿಯರ ಆಸೆ. ಆಸೆ ದೊಡ್ಡದು, ಲೆಕ್ಕವನ್ನು ಮಾತ್ರ ಎಚ್ಚರದಿಂದ ಹಾಕಬೇಕು.

ಒಂದು ಸಾವಿರ ಡಾಲರ್ ಖರ್ಚಿಗೆ ಸಾವಿರ ಮೈಲಿ ಬಂತೆನ್ನಿ. ಚೆನ್ನಾಗಿ ಬಳಸಿದರೆ ಅದರ ಬೆಲೆ ಹತ್ತರಿಂದ ಹದಿನೈದು ಡಾಲರ್. ಆ ಸಾವಿರವನ್ನು ಗಡುವಿನೊಳಗೆ ಕಟ್ಟದೆ ಉಳಿಸಿಕೊಂಡರೆ, ವರ್ಷಕ್ಕೆ ಶೇ. 24ರ ಬಡ್ಡಿಯಂತೆ ಒಂದೇ ತಿಂಗಳಿಗೆ ಇಪ್ಪತ್ತು ಡಾಲರ್ ಹೋಗುತ್ತದೆ. ‘ಕನಿಷ್ಠ ಪಾವತಿ’ ಎಂದು ಬಿಲ್ಲಿನಲ್ಲಿ ಮುದ್ರಿಸಿರುವ ಸಣ್ಣ ಮೊತ್ತ ಅಲ್ಲಿನ ಅತಿ ದುಬಾರಿ ಅಂಕಿ. ಭಾರತದಲ್ಲಂತೂ ಕಾರ್ಡಿನ ಬಡ್ಡಿ ಹಲವೆಡೆ ತಿಂಗಳಿಗೇ ಶೇ. 3ನ್ನು ದಾಟುತ್ತದೆ. ಕಾಲೇಜು ಶುಲ್ಕವನ್ನೇ ಕಾರ್ಡಿನಲ್ಲಿ ಕಟ್ಟಿ ಮೈಲಿ ಬಾಚಿಕೊಳ್ಳುವ ಯೋಚನೆಯೂ ಬಹುತೇಕ ನಷ್ಟದ್ದೇ. ಹಲವು ವಿಶ್ವವಿದ್ಯಾಲಯಗಳು ಕಾರ್ಡಿನ ಪಾವತಿಗೆ ಪ್ರತ್ಯೇಕ ಶುಲ್ಕ ವಿಧಿಸುತ್ತವೆ. ಅದು ಶೇ. 2.85 ಎಂದಿಟ್ಟುಕೊಂಡರೆ, ಹತ್ತು ಸಾವಿರ ಡಾಲರಿಗೆ 285 ಡಾಲರ್ ತೆತ್ತು ನೂರೈವತ್ತು ಡಾಲರಿನ ಮೈಲಿ ಪಡೆದಂತಾಯಿತು. ತಂದೆ ತನ್ನ ಭಾರತೀಯ ಕಾರ್ಡಿನಲ್ಲಿ ಕಟ್ಟಿದರೆ ವಿದೇಶಿ ವಿನಿಮಯದ ಶುಲ್ಕವೂ ಸೇರುತ್ತದೆ.

ಮೊದಲೆಲ್ಲ ಕಾಲೇಜಿನ ಆವರಣದಲ್ಲಿ ಮೇಜು ಹಾಕಿ, ಟೀ ಶರ್ಟು, ಪಿಟ್ಜಾ ಆಮಿಷ ತೋರಿಸಿ ಕಾರ್ಡಿನ ಅರ್ಜಿ ತುಂಬಿಸಿಕೊಳ್ಳುತ್ತಿದ್ದರು. 2009ರ ಕಾಯ್ದೆ ಅಂಥ ಉಡುಗೊರೆಗಳಿಗೆ ತಡೆ ಹಾಕಿತು. 21 ವರ್ಷ ತುಂಬದವರಿಗೆ ಸ್ವಂತ ಆದಾಯ ಇರಬೇಕು, ಇಲ್ಲವೇ ಹಿರಿಯರೊಬ್ಬರು ಜೊತೆಗೆ ಸಹಿ ಹಾಕಬೇಕು ಎಂದಿತು. ಆ ದೇಶದಲ್ಲಿ ಸಾಲದ ಚರಿತ್ರೆಯೇ ಇಲ್ಲದ ಹೊಸ ವಿದ್ಯಾರ್ಥಿಗಳು ಸಾಮಾನ್ಯವಾಗಿ ಠೇವಣಿಯಿಟ್ಟು ಪಡೆಯುವ ಸಣ್ಣ ಮಿತಿಯ ಕಾರ್ಡಿನಿಂದ ಆರಂಭಿಸುತ್ತಾರೆ. ಸಾವಿರಾರು ಮೈಲಿಗಳ ಸ್ವಾಗತ ಬಹುಮಾನ ಕೊಡುವ ಕಾರ್ಡು ಸಿಗುವುದು, ವರ್ಷವೋ ಎರಡು ವರ್ಷವೋ ಒಂದೂ ಕಂತು ತಪ್ಪದೆ ಕಟ್ಟಿದ ಮೇಲೆ. ನಿಜವಾದ ದೊಡ್ಡ ಗಳಿಕೆ ಆ ಬಹುಮಾನವೇ, ದಿನಸಿ ಖರ್ಚಿನ ಚಿಲ್ಲರೆ ಮೈಲಿಯಲ್ಲ. ಆದರೆ ಅದಕ್ಕೆ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಬೇಕೆಂಬ ಷರತ್ತಿರುತ್ತದೆ. ಬಾಡಿಗೆ, ಪುಸ್ತಕ, ಊಟಕ್ಕೆ ಹೇಗೂ ಆಗುವ ಖರ್ಚಿನಲ್ಲೇ ಅದು ತೀರುವಂತಿದ್ದರೆ ಸರಿ.

ಮೈಲಿ ಸೇರಿದ ಮೇಲೆ ಅದನ್ನು ಬಹುಕಾಲ ಗಂಟು ಕಟ್ಟಿ ಇಡುವುದು ಜಾಣತನವಲ್ಲ. ನಾಣ್ಯ ಟಂಕಿಸುವವನೇ ಅದರ ಬೆಲೆಯನ್ನೂ ಇಳಿಸಬಲ್ಲ. 2016ರ ಮಾರ್ಚ್‌ನಲ್ಲಿ ಅಮೆರಿಕನ್ ತನ್ನ ಪಟ್ಟಿ ಬದಲಿಸಿದಾಗ, ಪಾಲುದಾರ ಕಂಪನಿಗಳ ಮೊದಲ ದರ್ಜೆಯಲ್ಲಿ ಅಮೆರಿಕದಿಂದ ಭಾರತಕ್ಕೆ ಬೇಕಿದ್ದ 90 ಸಾವಿರ ಮೈಲಿ ಒಂದೇ ದಿನದಲ್ಲಿ 1,15,000 ಆಯಿತು. ಅದೇ ವರ್ಷದ ಆಗಸ್ಟ್‌ನಿಂದ ಹಾರಿದ ದೂರಕ್ಕೆ ಬದಲಾಗಿ ಕೊಟ್ಟ ದರಕ್ಕೆ ತಕ್ಕಂತೆ ಮೈಲಿ ಎಣಿಸತೊಡಗಿದರು. ಮೈಲಿಗೂ ದೂರಕ್ಕೂ ಇದ್ದ ನಂಟು ಅಲ್ಲಿಗೆ ಮುಗಿಯಿತು. ಕಂಪನಿಯೇ ಮುಳುಗಿದರೆ ಗತಿಯೇನೆಂಬುದು ಬೆಂಗಳೂರಿನವರಿಗೆ ಗೊತ್ತು: 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳು ನಿಂತಾಗ ಅದರ ಅಂಕ ಕೂಡಿಸಿಟ್ಟವರು ಕೈಕೈ ಹಿಸುಕಿಕೊಂಡರು. ಬ್ಯಾಂಕಿನ ಅಂಕಗಳನ್ನು ಬ್ಯಾಂಕಿನಲ್ಲೇ ಬಿಟ್ಟು, ಸೀಟು ಕಂಡ ದಿನ ವಿಮಾನ ಕಂಪನಿಗೆ ವರ್ಗಾಯಿಸುವವರು ಈ ಅಪಾಯದಿಂದ ಸ್ವಲ್ಪ ದೂರ.

ಮಗಳ ಖಾತೆಯ ಮೈಲಿಯಲ್ಲಿ ತಾಯಿಯ ಹೆಸರಿಗೆ ಟಿಕೆಟ್ ತೆಗೆಯಲು ಅಡ್ಡಿಯಿಲ್ಲ. ದಲ್ಲಾಳಿಗಳಿಂದ ಮೈಲಿ ಕೊಂಡರೆ ಮಾತ್ರ ಟಿಕೆಟೂ ಹೋದೀತು, ಖಾತೆಯೂ ಮುಚ್ಚೀತು. ಅಮೆರಿಕನ್‌ನ ಸೀಟುಗಳು ಪ್ರಯಾಣಕ್ಕೆ 331 ದಿನ ಮೊದಲೇ ತೆರೆಯುತ್ತವೆ. ಮೇ ತಿಂಗಳ ಘಟಿಕೋತ್ಸವಕ್ಕೆ ಹಿಂದಿನ ಜೂನ್, ಜುಲೈಯಲ್ಲೇ ಹುಡುಕತೊಡಗಬೇಕು. ವೀಸಾ ಸಿಗುವುದೋ ಇಲ್ಲವೋ ಎಂಬ ಅಳುಕಿದ್ದರೆ ಒಂದು ಸಮಾಧಾನವಿದೆ. ಮೈಲಿ ಟಿಕೆಟ್ ರದ್ದಾದಾಗ ಮೈಲಿಗಳನ್ನು ಮತ್ತೆ ಜಮೆ ಮಾಡಲು ವಿಧಿಸುತ್ತಿದ್ದ ಶುಲ್ಕವನ್ನು ಈ ಕಂಪನಿ 2020ರಲ್ಲಿ ತೆಗೆದುಹಾಕಿತು. ‘ಉಚಿತ’ ಎಂದರೂ ತೆರಿಗೆ ಕಟ್ಟಲೇಬೇಕು. ಅದೇ ಮೈಲಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನ ಆರಿಸಿಕೊಂಡರೆ ಹೆಚ್ಚುವರಿ ಶುಲ್ಕವೇ ನೂರಾರು ಡಾಲರ್ ಆಗುವುದುಂಟು. ಹಣ ಕಟ್ಟುವ ಪುಟದವರೆಗೂ ಹೋಗಿ ಮೊತ್ತ ನೋಡಿಯೇ ತೀರ್ಮಾನಿಸಬೇಕು.

ಹೊರದೇಶದಿಂದ ಬರುವ ಅಪ್ಪ ಅಮ್ಮಂದಿರನ್ನು ಎದುರುಗೊಳ್ಳಲು ಮಕ್ಕಳು ಕಾಯುವುದು ಸಾಮಾನ್ಯವಾಗಿ ‘ಡಿ’ ಟರ್ಮಿನಲ್‌ನಲ್ಲಿ. ಕಾರಿಲ್ಲದ ವಿದ್ಯಾರ್ಥಿಗಳಿಗೆ 2025ರ ಅಕ್ಟೋಬರ್‌ನಲ್ಲಿ ಒಂದು ಅನುಕೂಲವಾಯಿತು. ‘ಬಿ’ ಟರ್ಮಿನಲ್‌ನಿಂದ ಹೊರಡುವ ‘ಸಿಲ್ವರ್ ಲೈನ್’ ರೈಲು ವಿಶ್ವವಿದ್ಯಾಲಯದ ಹತ್ತಿರವೇ ನಿಂತು ಮುಂದೆ ಪ್ಲೇನೊಗೆ ಹೋಗುತ್ತದೆ. ಆ ರೈಲಿನ ಟಿಕೆಟಿಗೆ ಮೈಲಿ ನಡೆಯುವುದಿಲ್ಲ. ಮಗನೋ ಮಗಳೋ ಜೇಬಿನಿಂದ ಡಾಲರ್ ತೆಗೆಯಬೇಕು.