ಅಮ್ಮಿಯ ಬ್ರೋಚ್

ಅಮ್ಮಿ ತೀರಿಹೋಗಿ ಮೂರು ವಾರ ಕಳೆದಿತ್ತು. ಆಪಾ, ನಾನು, ತಮ್ಮ ಮೂವರೂ ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಕುಳಿತು ಅಮ್ಮಿಯ ಕಬ್ಬಿಣದ ಪೆಟ್ಟಿಗೆ ತೆರೆದೆವು. ನಾಲ್ಕು ರೇಷ್ಮೆ ಸೀರೆ, ಎರಡು ಬಳೆ, ಒಂದು ಜೊತೆ ಜುಮುಕಿ, ಅಬ್ಬಾನ ಕನ್ನಡಕ. ತಳದಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಆ ಬ್ರೋಚ್.

ಕೋಳಿಮೊಟ್ಟೆಯ ಆಕಾರದ ಬೆಳ್ಳಿಯ ಬ್ರೋಚ್ ಅದು. ಅಂಚಿಗೆ ಕಪ್ಪು ಮೀನಾಕಾರಿ, ನಡುವೆ ಸಾಸಿವೆಗಿಂತ ತುಸು ದೊಡ್ಡದಾದ ಮುತ್ತುಗಳು. ಈದ್ ದಿನ ಮತ್ತು ನೆಂಟರ ಮದುವೆಗಳಲ್ಲಿ ಮಾತ್ರ ಅಮ್ಮಿ ಅದನ್ನು ಭುಜದ ಮೇಲೆ ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಅದರ ಮೇಲೆ ಬುರ್ಖಾ. “ಯಾರಿಗೂ ಕಾಣದಿದ್ದರೆ ಯಾಕಮ್ಮಿ ಹಾಕಿಕೊಳ್ತೀರಿ?” ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ಸೆರಗು ನಿಲ್ಲಬೇಡವೇನೇ?” ಎಂದು ನಕ್ಕಿದ್ದರು.

ಅದು ನಮ್ಮ ನಾನಿಯದು. ನಾನಿಯ ತವರು ಬೆಂಗಳೂರಿನ ಶಿವಾಜಿನಗರದ ಕಡೆ. ದಂಡಿನ ಇಂಗ್ಲಿಷ್ ಮನೆಗಳಿಗೆ ಬಟ್ಟೆ ಹೊಲಿದುಕೊಡುತ್ತಿದ್ದರಂತೆ. 1947ರಲ್ಲಿ ದಂಡು ಪ್ರದೇಶ ಮತ್ತೆ ಮೈಸೂರು ಸಂಸ್ಥಾನಕ್ಕೆ ಸೇರಿತು. ಇಂಗ್ಲಿಷರು ಮನೆ ಖಾಲಿ ಮಾಡುವಾಗ ಸಾಮಾನುಗಳನ್ನು ಮಾರಿದರು. ನಾನಿ ಗುಂಡಿ, ಲೇಸು, ದಾರದುಂಡೆ ತುಂಬಿದ ಒಂದು ತಗಡಿನ ಡಬ್ಬಿ ಕೊಂಡರು. ಈ ಬ್ರೋಚ್ ಆ ಗುಂಡಿಗಳ ನಡುವೆ ಇತ್ತಂತೆ. ಅದರ ಬೆನ್ನಿಗೆ ಒಂದು ಪುಟ್ಟ ಗಾಜು, ಗಾಜಿನೊಳಗೆ ಕಂದು ಬಣ್ಣದ ನೂಲಿನ ಸುರುಳಿ. ರೇಷ್ಮೆ ದಾರವೆಂದು ನಾನಿ ಹೇಳಿದ್ದರು, ಅಮ್ಮಿ ನಂಬಿದ್ದರು, ನಾವೂ ನಂಬಿದ್ದೆವು.

ಹಂಚಿಕೆ ಎಂದ ಮೇಲೆ ಬೆಲೆ ಕಟ್ಟಿಸಬೇಕಲ್ಲ. ಶರೀಅತ್‌ನ ಪ್ರಕಾರ ಒಟ್ಟು ನಾಲ್ಕು ಪಾಲು: ತಮ್ಮನಿಗೆ ಎರಡು, ನಮ್ಮಿಬ್ಬರಿಗೆ ಒಂದೊಂದು. ಬಳೆ, ಜುಮುಕಿಗಳ ಜೊತೆ ಬ್ರೋಚನ್ನೂ ಪೇಟೆಯ ಬೆಳ್ಳಿ ಅಂಗಡಿಗೆ ಒಯ್ದೆ. ಅಂಗಡಿಯವರು ತಿರುಗಿಸಿ ನೋಡಿ, “ಟೀಚರಮ್ಮ, ಗಾಜು ತೆಗೆದು ತೂಗಿದರೆ ಬೆಳ್ಳಿ ಒಂಬತ್ತು ಗ್ರಾಂ ಬರಬಹುದು, ಅಷ್ಟೇ” ಎಂದು ಸಣ್ಣ ಚಿಮುಟದಿಂದ ಗಾಜಿನ ಸುತ್ತಿನ ಬಳೆಯನ್ನು ಎಬ್ಬಿಸಿದರು. ಒಳಗಿನದು ಮೇಜಿನ ಮೇಲೆ ಬಿತ್ತು. ಅವರು ಊದಿಬಿಡುವುದರಲ್ಲಿದ್ದರು. ನಾನು ಕೈ ಅಡ್ಡ ಹಿಡಿದೆ. ಅದು ದಾರವಾಗಿರಲಿಲ್ಲ, ಕೂದಲು. ಮಗುವಿನ ಕೂದಲಿನಷ್ಟು ತೆಳ್ಳಗಿನ, ತಿಳಿಕಂದು ಬಣ್ಣದ ಒಂದು ಸಣ್ಣ ಎಳೆಗಂಟು.

ಅದನ್ನು ಕಾಗದದಲ್ಲಿ ಮಡಿಸಿ ತಂದೆ. ಮುಂದಿನ ಭಾನುವಾರ ಬೆಂಗಳೂರಿಗೆ ಹೋಗಿ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ತೋರಿಸಿದೆ. ಅಂಗಡಿಯ ವೃದ್ಧರು ತಾಳ್ಮೆಯಿಂದ ವಿವರಿಸಿದರು. ಇಂಗ್ಲೆಂಡಿನಲ್ಲಿ ಪ್ರೀತಿಯವರ ಕೂದಲನ್ನು ಒಡವೆಯೊಳಗೆ ಇಟ್ಟುಕೊಳ್ಳುವ ರೂಢಿಯಿತ್ತು. 1861ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡರು. ರಾಣಿ ಬದುಕಿರುವವರೆಗೂ ಕಪ್ಪು ಬಟ್ಟೆಯನ್ನೇ ಉಟ್ಟರು. ಅವರನ್ನು ನೋಡಿ ಇಡೀ ದೇಶದಲ್ಲಿ ದುಃಖದ ಒಡವೆಗಳು ಹೆಚ್ಚಾದವು. ವಿಟ್ಬಿ ಎಂಬ ಊರಿನ ಕಪ್ಪು ಜೆಟ್ ಕಲ್ಲು, ಕಪ್ಪು ಮೀನಾಕಾರಿ, ಹಿಂಬದಿಯಲ್ಲಿ ಅಗಲಿದವರ ಕೂದಲು. ಮುತ್ತನ್ನು ಅಲ್ಲಿ ಕಣ್ಣೀರಿಗೆ ಹೋಲಿಸುತ್ತಿದ್ದರಂತೆ. ನನ್ನ ಎದೆ ಒಮ್ಮೆಲೇ ಭಾರವಾಯಿತು. ಯಾವುದೋ ಮನೆಯ ದುಃಖವನ್ನು ನನ್ನ ಅಮ್ಮಿ ಈದ್‌ನ ದಿನ ಭುಜದ ಮೇಲೆ ಹೊತ್ತು ಶೀರ್ ಖುರ್ಮಾ ಬಡಿಸಿದ್ದರು!

ಅವರು ಕಟ್ಟಿದ ಬೆಲೆ ನಾಲ್ಕು ಸಾವಿರ ರೂಪಾಯಿ. ಹಳೆಯ ಬ್ರೋಚ್ ಗುರುತಿಸುವುದನ್ನೂ ಹೇಳಿಕೊಟ್ಟರು. ಕೊಳ್ಳುವ ಆಸೆಯಿರುವ ಸಹೋದರಿಯರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಮುಂಭಾಗ ನೋಡಿ ಮರುಳಾಗಬೇಡಿ, ಮೊದಲು ಬೆನ್ನು ನೋಡಿ. ತೀರಾ ಹಳೆಯದಾದರೆ ಪಿನ್ನು ಸಿಕ್ಕಿಸಲು ಬರೀ ಒಂದು ಕೊಕ್ಕೆ ಇರುತ್ತದೆ, ಅದಕ್ಕೆ ಚಿಲಕ ಇರುವುದಿಲ್ಲ. ಎಷ್ಟೋ ಸಲ ಪಿನ್ನಿನ ತುದಿ ಬ್ರೋಚಿನ ಅಂಚನ್ನು ದಾಟಿ ಹೊರಗೆ ಚಾಚಿರುತ್ತದೆ. ತಿರುಗಿಸಿ ಮುಚ್ಚುವ ಚಿಲಕ ಸಾಮಾನ್ಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಗೆಂದು ಚಿಲಕವೊಂದನ್ನೇ ನಂಬುವಂತಿಲ್ಲ, ನಂತರ ಯಾರಾದರೂ ರಿಪೇರಿ ಮಾಡಿಸಿ ಹಾಕಿಸಿರಬಹುದು. ಇಂಗ್ಲೆಂಡಿನ ಬೆಳ್ಳಿಯಾದರೆ ನಡೆಯುವ ಸಿಂಹದ ಪುಟ್ಟ ಮುದ್ರೆ ಇರಬಹುದು. ವ್ಯಾಪಾರದಲ್ಲಿ ನೂರು ವರ್ಷ ದಾಟಿದ್ದನ್ನು ‘ಆಂಟಿಕ್’ ಎನ್ನುತ್ತಾರೆ, ಅದಕ್ಕಿಂತ ಈಚಿನ ಹಳೆಯ ವಸ್ತು ‘ವಿಂಟೇಜ್’. ಅಂಗಡಿಗಳಲ್ಲಿ ‘ಆಂಟಿಕ್ ಫಿನಿಶ್’ ಎಂದು ಮಾರುವುದು ಹೊಸ ಮಾಲು, ಬಣ್ಣ ಮಾತ್ರ ಹಳೆಯದು. ಚೆಂದವಿದ್ದರೆ ಕೊಳ್ಳಿ, ಆದರೆ ಹಳೆಯದರ ಬೆಲೆ ತೆರಬೇಡಿ.

ಬ್ರೋಚ್ ಹಾಕುವ ಪಾಠವನ್ನು ನಾನು ಕಲಿತದ್ದು ಅಬ್ಬಾನಿಂದ. ಅವರು ಮಗ್ಗದವರು. ಹಾಸಿನ ಎಳೆ, ಹೊಕ್ಕಿನ ಎಳೆ ಕಣ್ಣುಮುಚ್ಚಿ ಹೇಳುತ್ತಿದ್ದರು. “ಒಂಟಿ ಪದರಕ್ಕೆ ಚುಚ್ಚಬೇಡ. ಸೆರಗನ್ನು ನಾಲ್ಕೈದು ನೆರಿಗೆ ಮಾಡಿ ಎಲ್ಲವನ್ನೂ ಒಟ್ಟಿಗೆ ಹಿಡಿ. ಒಳಗಡೆ ಒಂದು ಚೂರು ದಪ್ಪ ಬಟ್ಟೆ ಇಡು, ಭಾರ ಅದರ ಮೇಲೆ ಬೀಳಲಿ” ಎನ್ನುತ್ತಿದ್ದರು. ಹಳೆಯ ಪಿನ್ನು ದಪ್ಪ. ರೇಷ್ಮೆಯಲ್ಲಿ ತೂತು ಉಳಿದರೆ ಉಗುರಿನಿಂದ ಮೆಲ್ಲಗೆ ಎರಡೂ ಕಡೆ ಸವರಿದರೆ ಸರಿದ ಎಳೆಗಳು ಮತ್ತೆ ಕೂಡುತ್ತವೆ. ಎಳೆ ಕಡಿದಿದ್ದರೆ ಮಾತ್ರ ಏನೂ ಮಾಡಲಾಗದು. ಗಾಜಿನ ಕಲ್ಲು, ಮುತ್ತು ಇರುವ ಬ್ರೋಚನ್ನು ನೀರಿಗೆ ಹಾಕಬೇಡಿ. ಕಲ್ಲಿನ ಹಿಂದೆ ಹೊಳಪಿಗೆ ಇಟ್ಟ ತೆಳುತಗಡು ನೀರು ತಾಗಿದರೆ ಕಪ್ಪಾಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು.

ಇನ್ನೊಂದು ಮಾತು, ನಮ್ಮ ಹೆಣ್ಣುಮಕ್ಕಳಿಗಾಗಿ. ದುಪಟ್ಟಾ ಸುತ್ತುವಾಗ ಗುಂಡುಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವ ಅಭ್ಯಾಸ ಬೇಡ. ನನ್ನ ತರಗತಿಯ ಹುಡುಗಿಯೊಬ್ಬಳು ಹಾಗೆಯೇ ಗೆಳತಿಯ ಮಾತಿಗೆ ನಕ್ಕಳು, ಸೂಜಿ ಉಸಿರಿನ ಕೊಳವೆಗೆ ಇಳಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲಿನ ಮೂಲಕ ದುರ್ಬೀನು ಇಳಿಸಿ ತೆಗೆಯಬೇಕಾಯಿತು. ಹೆಣ್ಣುಮಕ್ಕಳು ತಲೆವಸ್ತ್ರ ಧರಿಸುವ ಅನೇಕ ದೇಶಗಳ ವೈದ್ಯರು ಇಂತಹ ಪ್ರಕರಣಗಳ ಬಗ್ಗೆ ಬರೆದಿದ್ದಾರೆ. ಚಿಲಕವಿರುವ ಬ್ರೋಚೋ, ಸೇಫ್ಟಿ ಪಿನ್ನೋ ಇರಲಿ, ಅದೂ ಕೈಯಲ್ಲೇ ಇರಲಿ.

ಆ ಸೇಫ್ಟಿ ಪಿನ್ನೂ ಬ್ರೋಚಿನ ವಂಶದ್ದೇ. ರೋಮನರು ಹೊದಿಕೆಯನ್ನು ಭುಜಕ್ಕೆ ಸಿಕ್ಕಿಸುತ್ತಿದ್ದುದು ಅಂತಹ ಪಿನ್ನಿನಿಂದಲೇ. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಇಂದಿನ ಸೇಫ್ಟಿ ಪಿನ್ನಿಗೆ ಹಕ್ಕುಪತ್ರ ಪಡೆದು ಅದನ್ನು ಬರೀ 400 ಡಾಲರಿಗೆ ಮಾರಿಬಿಟ್ಟ. ನಮ್ಮ ಕೊಡಗಿನ ಹೆಂಗಸರು ನೆರಿಗೆಯನ್ನು ಬೆನ್ನ ಹಿಂದೆ ಇಟ್ಟು, ಸೆರಗನ್ನು ಭುಜದ ಬಳಿ ಬ್ರೋಚಿನಿಂದ ಕಟ್ಟುನಿಟ್ಟಾಗಿ ನಿಲ್ಲಿಸುವುದನ್ನು ನೀವು ನೋಡಿರಬಹುದು. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ ಕಲಿತ ಸೀರೆಯ ಹೊಸ ಉಡುಗೆಯಲ್ಲೂ ಭುಜಕ್ಕೆ ಬ್ರೋಚ್ ಬಂತು. ಹೆಣ್ಣು ಮನೆಯಿಂದ ಹೊರಗೆ ಕಾಲಿಟ್ಟಾಗ ಸೆರಗಿನ ಚಿಂತೆಯಿಲ್ಲದೆ ನಡೆಯಲು ಒಂದು ಪಿನ್ನು ಬೇಕಾಗುತ್ತದೆ.

ಬೆಲೆ ಕಟ್ಟಿಸಿ ಬಂದ ಸಂಜೆ ಮತ್ತೆ ಮೂವರೂ ಕೂತೆವು. “ಬ್ರೋಚ್ ನಾನು ಇಟ್ಟುಕೊಳ್ತೇನೆ. ತಮ್ಮನಿಗೆ ಎರಡು ಸಾವಿರ, ಆಪಾಗೆ ಒಂದು ಸಾವಿರ ಕೊಡ್ತೇನೆ” ಎಂದೆ. ಲೆಕ್ಕ ಸರಿಯಾಗಿತ್ತು. ಆದರೆ ಆಪಾ ಮುಖ ತಿರುಗಿಸಿದಳು. “ಸತ್ತವರ ಕೂದಲಿದ್ದ ವಸ್ತು. ಮನೆಗೆ ಅಪಶಕುನ. ಮಾರಿಬಿಡಿ” ಎಂದಳು.

“ಶಕುನ-ಅಪಶಕುನ ನಮ್ಮಲ್ಲಿಲ್ಲ ಆಪಾ, ನಿನಗೆ ಗೊತ್ತಿಲ್ಲವೇ?” ಎಂದೆ. ಮದ್ರಸದಲ್ಲಿ ಓದಿದವಳೆಂಬ ಗತ್ತು ನನ್ನ ದನಿಯಲ್ಲಿತ್ತೆಂದು ಈಗ ಅನ್ನಿಸುತ್ತದೆ.

ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ನನ್ನ ನಿಕಾಹ್ ದಿನ ಒಂದು ಗಂಟೆ ಹಾಕಿಕೊಳ್ತೇನೆ ಕೊಡಿ ಎಂದು ಕೇಳಿದ್ದೆ. ಕಳೆದುಹಾಕ್ತೀಯ ಅಂತ ಅಮ್ಮಿ ಕೊಡಲಿಲ್ಲ. ನೀನು ಬಿ.ಎ. ಪಾಸಾಗಿ ಮೊದಲ ದಿನ ಶಾಲೆಗೆ ಹೊರಟಾಗ ತಾವೇ ಚುಚ್ಚಿ ಕಳಿಸಿದರು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ.”

ನನಗೆ ಆ ದಿನ ನೆನಪಿತ್ತು. ಬಾಗಿಲಲ್ಲಿ ಆಪಾ ನಿಂತಿದ್ದದ್ದು ನೆನಪಿರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಡಿಸಿ ಅವಳನ್ನು ಮನೆಯ ಕೆಲಸಕ್ಕೆ, ಸೀರೆಗೆ ಕುಚ್ಚು ಕಟ್ಟುವುದಕ್ಕೆ ಕೂರಿಸಿದ್ದರು. ಆ ಕುಚ್ಚಿನ ಕೂಲಿಯಲ್ಲೇ ನನ್ನ ಪುಸ್ತಕಗಳು ಬಂದಿದ್ದವು. ಮಕ್ಕಳಿಗೆ ಕೊಡುವಾಗ ಸಮಾನವಾಗಿ ಕೊಡಿ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಎಷ್ಟು ಸಲ ಪಾಠ ಮಾಡಿದ್ದೇನೆ! ನನ್ನ ಭುಜದ ಮೇಲೆ ಒಂದು ದಿನ ಇದ್ದ ಒಂಬತ್ತು ಗ್ರಾಂ ಬೆಳ್ಳಿ ನನ್ನ ಅಕ್ಕನ ಎದೆಯ ಮೇಲೆ ಇಷ್ಟು ವರ್ಷ ಭಾರವಾಗಿ ಕೂತಿತ್ತು. ಅಮ್ಮಿ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅಲ್ಲಾಹನು ಅವರನ್ನು ಕ್ಷಮಿಸಲಿ.

ತಮ್ಮ ನನ್ನ ಮುಖ ನೋಡಿದ. “ನನ್ನ ಪಾಲು ಆಪಾಗೆ ಬಿಟ್ಟೆ” ಎಂದ. ನಾನೂ ನನ್ನ ಪಾಲು ಬಿಟ್ಟೆ. ಬ್ರೋಚನ್ನು ಆಪಾಳ ಅಂಗೈಯಲ್ಲಿ ಇಟ್ಟಾಗ ಅವಳು ಬೇಡವೆನ್ನಲಿಲ್ಲ.

ಆ ಕೂದಲು ಉಳಿದಿತ್ತು. ಮನುಷ್ಯನ ದೇಹಕ್ಕೆ ಮರ್ಯಾದೆಯಿದೆ, ಬೇರ್ಪಟ್ಟ ಕೂದಲು ಉಗುರುಗಳನ್ನೂ ಹೂಳುವುದು ಉತ್ತಮ ಎಂದು ನಾನು ಕಿತಾಬುಗಳಲ್ಲಿ ಓದಿದ್ದೆ. ಮರುದಿನ ಫಜ್ರ್ ನಂತರ ಹಿತ್ತಲಿನ ದಾಳಿಂಬೆ ಗಿಡದ ಬುಡದಲ್ಲಿ ಸಣ್ಣ ಗುಂಡಿ ತೋಡಿದೆ. ಆಪಾ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ತನ್ನ ಎರಡನೇ ಮಗುವನ್ನು ಮೂರು ತಿಂಗಳಿಗೇ ಕಳೆದುಕೊಂಡವಳು ಅವಳು. “ಯಾವ ತಾಯಿಯದೋ ಏನೋ” ಎಂದಳು. ಕಾಗದದ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇಟ್ಟು ಮಣ್ಣು ಮುಚ್ಚಿದಳು.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇರಬಹುದು. ಹಿರಿಯರು ಬದುಕಿರುವಾಗಲೇ ಅದನ್ನು ಒಮ್ಮೆ ತೆರೆದು, ಯಾವುದು ಎಲ್ಲಿಂದ ಬಂತೆಂದು ಕೇಳಿಡಿ. ನಿಮ್ಮದೇ ಪೆಟ್ಟಿಗೆಯಾದರೆ, ಒಬ್ಬ ಮಗಳಿಗೆ ಕೊಡುವಾಗ ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಾಳೆಯೇ ಎಂದು ತಿರುಗಿ ನೋಡಿ.

ಕಳೆದ ಈದ್‌ಗೆ ಆಪಾಳ ಮನೆಗೆ ಹೋಗಿದ್ದೆ. ಕನ್ನಡಿಯ ಮುಂದೆ ನಿಂತು ಬ್ರೋಚ್ ಚುಚ್ಚಿಕೊಳ್ಳಲು ಒದ್ದಾಡುತ್ತಿದ್ದಳು. ಕುಚ್ಚು ಕಟ್ಟಿ ಕಟ್ಟಿ ಅವಳ ಬೆರಳುಗಳು ಈಗ ಸರಿಯಾಗಿ ಮಡಚುವುದಿಲ್ಲ. “ಬಾರೇ, ನೀನೇ ಹಾಕು” ಎಂದಳು. ಒಳಗೆ ಬಟ್ಟೆಯ ಚೂರು ಇಟ್ಟು, ನೆರಿಗೆಗಳನ್ನು ಒಟ್ಟಿಗೆ ಹಿಡಿದು ಸಿಕ್ಕಿಸಿದೆ. ಕೊಕ್ಕೆಗೆ ಚಿಲಕವಿಲ್ಲವಲ್ಲ, ಬಿದ್ದುಹೋಗದಂತೆ ಹಿಂದಿನಿಂದ ಒಂದು ಸೇಫ್ಟಿ ಪಿನ್ನನ್ನೂ ಹಾಕಿದೆ. ಆಪಾ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಶೀರ್ ಖುರ್ಮಾ ಬಡಿಸಲು ಅಡುಗೆಮನೆಗೆ ಹೋದಳು.